ಬೇಟೆಚೀಲದ ಅಳತೆ

ನಮ್ಮ ಕುಟುಂಬದಲ್ಲಿ ಒಬ್ಬ ಮಹಾಬೇಟೆಗಾರನಿದ್ದಾನೆ. ದುರ್ದೈವದಿಂದ ಅವನು ನಾನಲ್ಲ, ನನ್ನ ಹೆಂಡತಿಯ ತಮ್ಮ ಹನುಮಂತಪ್ಪ. ಹಿರೇಕೆರೂರಿನವನು. ಲೈಸೆನ್ಸಿನ ಬಂದೂಕು ಹೆಗಲಿಗೇರಿಸಿಕೊಂಡು ಆಗಾಗ ಹಾನಗಲ್ಲಿಗೆ, ನಮ್ಮ ಮನೆಗೆ ಬಂದಿಳಿಯುತ್ತಾನೆ. ಅವನು ಬಂದನೆಂದರೆ ನನ್ನ ಹೆಂಡತಿ ಸಾವಂತ್ರವ್ವನ ಬಾಯಲ್ಲಿ ಮೊದಲು ತಮ್ಮನ ಗುರಿಯ ವರ್ಣನೆ, ಆಮೇಲೆ ನನ್ನ ಗುರಿಯಿಲ್ಲದ ಬದುಕಿನ ವರ್ಣನೆ.

ನಾನೋ, ಅಕ್ಕಿಆಲೂರಿನ ಗಿರಣಿಯೊಂದರ ಗುಮಾಸ್ತ. ಜನ್ಮದಲ್ಲಿ ಹೊಡೆದ ಪ್ರಾಣಿಯೆಂದರೆ ಸೊಳ್ಳೆ (ಅವುಗಳಲ್ಲೂ ತಪ್ಪಿಸಿಕೊಂಡವೇ ಹೆಚ್ಚು). ಆದರೂ ಗಂಡಸಲ್ಲವೇ? ಐವತ್ತೆಂಟನೆಯ ಇಸವಿಯಲ್ಲಿ ಒಂದು ರವಿವಾರ ಎದೆ ಉಬ್ಬಿಸಿ, "ನಾನೂ ಬೇಟಿಗೆ ಬರ್ತೇನಿ" ಎಂದುಬಿಟ್ಟೆ.

"ಬರ್ರಿ ಮಾಮಾ," ಎಂದ ಹನುಮಂತಪ್ಪ. "ರೊಟ್ಟಿ, ನೀರು ಹೊರಾಕ ಒಬ್ರು ಬೇಕಾಗಿತ್ತು."

ಗಿರಣಿಗೆ ಒಯ್ಯುವ ಕೈಚೀಲದಲ್ಲಿ ಬುತ್ತಿ ಹಾಕಿಕೊಂಡು ಹೋದೆ. ಅವನು ಒಂದು ಮೊಲ ಹೊಡೆದ. ಅದು ನನ್ನ ಚೀಲದಲ್ಲಿ ಅರ್ಧ ಮಾತ್ರ ಹಿಡಿಸಿತು, ಉಳಿದರ್ಧ ಹೊರಗೆ ಜೋತಾಡುತ್ತಿತ್ತು. ಕೆರೆಯ ಏರಿಯ ಮೇಲೆ ಬರುತ್ತಿದ್ದಾಗ ಹಿಂದಿನಿಂದ ಒಂದು ನಾಯಿ ಬಂದು ಆ ಹೊರಗಿನ ಅರ್ಧವನ್ನು ಕಚ್ಚಿ, ಒಳಗಿನದನ್ನೂ ಎಳೆದುಕೊಂಡು ಹೋಯಿತು.

"ಹೊಡದಾವ ನಮ್ಮ ತಮ್ಮ, ತಿಂದದ್ದು ನಾಯಿ. ನಡುವ ನೀವ್ಯಾಕ ಹೋಗಿದ್ರಿ?" ಎಂದಳು ಸಾವಂತ್ರವ್ವ.

"ತಪ್ಪು ನಂದಲ್ಲ, ಚೀಲದ್ದು! ಸಣ್ಣಾದಾತು."

"ಚೀಲ ಸಣ್ಣಾದಾತೋ, ಧೈರ್ಯ ಸಣ್ಣಾದಾತೋ?"

ಅಂದಿನಿಂದ ನನಗೆ ಕುಳಿತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗಿರಣಿಯಲ್ಲಿ ಭತ್ತದ ಚೀಲ ಕಂಡರೆ ಗೇಣು ಹಾಕಿ ಅಳೆಯುತ್ತಿದ್ದೆ. ಮನೆಯಲ್ಲಿ ದಿಂಬಿನ ಗವಸಣಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಪಡಸಾಲೆಯಲ್ಲಿ ಸುತ್ತುತ್ತಿದ್ದೆ. "ಒಂದ ಕಡೆ ಕುಂಡ್ರಿ, ನಿಮ್ಮನ್ನ ನೋಡಿ ನನಗ ತಲಿ ತಿರಗಾಕತ್ತೇತಿ" ಎಂದು ಅವಳು ಕೂಗಿದರೆ ಇನ್ನೊಂದು ಸುತ್ತು ಹಾಕುತ್ತಿದ್ದೆ.

ಕೊನೆಗೆ ತಡೆಯಲಾರದೆ ಬಸ್ಸು ಹತ್ತಿ ಸವಣೂರಿಗೆ ಹೋದೆ. ಅಲ್ಲಿ ಟಾಂಗಾಗಳಿಗೆ ಹೊದಿಕೆ ಹೊಲಿಯುವ ಬಂದೇಸಾಬನಿದ್ದ.

"ಎಷ್ಟು ದೊಡ್ಡಾದು ಬೇಕ್ರಿ?" ಎಂದ.

"ಜಿಂಕಿ ಹಿಡಸಬೇಕು. ಕೋಡು ಸೈತ."

ಬಂದೇಸಾಬ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಜಿಂಕಿ ಹಿಡಸೂ ಹಂಗ ಹೊಲೀತೇನ್ರಿ. ಅದನ್ನ ಹೊರಾವ್ರು ಯಾರು?"

"ನಾನ!"

ಅವನು ತಾಡಪತ್ರಿ ಬಿಚ್ಚಿದ. ಮುಂದಿನ ವಾರ ಚೀಲ ತಯಾರಾಯಿತು. ಹೆಗಲಿಗೆ ಎರಡು ಪಟ್ಟಿ, ಬಾಯಿಗೆ ದಾರ, ತಳಕ್ಕೆ ಇಮ್ಮಡಿ ಹೊಲಿಗೆ. ಚೀಲವಲ್ಲ, ಚಿಕ್ಕ ಸಂಸ್ಥಾನ! ಬಸ್ಸಿನಲ್ಲಿ ಅದಕ್ಕೊಂದು ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ.

ಖಾಲಿ ಜಾಗ ಕಂಡರೆ ಸುಮ್ಮನಿರುವ ಹೆಂಗಸಲ್ಲ ನನ್ನ ಹೆಂಡತಿ. ಹನುಮಂತಪ್ಪ ಮತ್ತೆ ಬೇಟೆಗೆಂದು ಬಂದ ದಿನ ಬೆಳಿಗ್ಗೆ ಅದರೊಳಗೆ ರೊಟ್ಟಿಯ ಗಂಟು ಹಾಕಿದಳು, ಶೇಂಗಾಚಟ್ನಿಯ ಡಬ್ಬಿ ಹಾಕಿದಳು, ಎರಡು ತಂಬಿಗೆ, ಕಂಬಳಿ, ಕೊಡೆ ಹಾಕಿದಳು. ಅಷ್ಟಾದರೂ ಚೀಲ ಬಾಯಿ ತೆರೆದೇ ಇತ್ತು. ಆಗ ಹಿತ್ತಲಿನಿಂದ ಖಾರ ಕುಟ್ಟುವ ಕಲ್ಲಿನ ಒರಳನ್ನು ಎತ್ತಿ ತಂದಳು.

"ಅದ್ಯಾಕ? ಜಿಂಕೀಗೆ ಅಲ್ಲೇ ಖಾರ ಅರೀಬೇಕೇನು?"

"ಹಾದ್ಯಾಗ ಹೊಳೆವ್ವ ಚಿಗವ್ವನ ಮನಿ ಐತಿ. ಕೇಳಿ ಕಳಿಸ್ಯಾಳ. ಹೆಂಗೂ ಹೊಂಟೀರಿ, ಕೊಟ್ಟ ಹೋಗ್ರಿ."

ಹೊಳೆವ್ವ ಚಿಗವ್ವನ ಬಾಗಿಲಿಗೆ ಬೀಗ. ಅವಳು ಹುಲಗೂರಿಗೆ ಹೋಗಿದ್ದಳಂತೆ. ಹೀಗೆ ಒರಳೂ ನಮ್ಮೊಂದಿಗೆ ಮೃಗಯಾವಿಹಾರಕ್ಕೆ ಹೊರಟಿತು.

ಊರಿನ ಪಡುವಣಕ್ಕಿರುವ ಕುರುಚಲು ಕಾಡಿನಲ್ಲಿ ನಾನು ಒಂದು ಹೆಜ್ಜೆ ಇಟ್ಟರೆ ತಂಬಿಗೆ ಒರಳಿಗೆ ಬಡಿದು ಠಣ್ ಎನ್ನುತ್ತಿತ್ತು. ಎರಡನೆಯ ಹೆಜ್ಜೆಗೆ ಡಬ್ಬಿ ಗಲಗಲ. ದೂರದಲ್ಲಿ ಮೇಯುತ್ತಿದ್ದ ಜಿಂಕೆಗಳು ತಲೆಯೆತ್ತಿ ನನ್ನನ್ನು ನೋಡಿದವು. ಮರುಕ್ಷಣ ಅಲ್ಲಿ ಜಿಂಕೆಯಿರಲಿಲ್ಲ, ಧೂಳಿತ್ತು.

"ಮಾಮಾ, ಬೇಟಿಗೆ ಬಂದೀರೋ, ಮೆರವಣಿಗಿಗೆ ಬಂದೀರೋ?" ಹನುಮಂತಪ್ಪ ಹಲ್ಲು ಕಡಿದ. ಅವನ ಜೊತೆಗಿದ್ದ ಗೆಳೆಯ ಯಲ್ಲಪ್ಪ ತಲೆಗೆ ಸುತ್ತಿದ್ದ ಪಟಗದ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕ.

ಅಷ್ಟರಲ್ಲಿ ಎಡಗಡೆಯ ಪೊದೆಯಲ್ಲಿ ಗುರ್ ಎಂಬ ಸದ್ದು. ಕಾಡುಹಂದಿ! ಅದು ಹನುಮಂತಪ್ಪನ ಮಗ್ಗುಲಲ್ಲೇ ನುಗ್ಗಿತು. ಬಂದೂಕು ಎತ್ತಲೂ ಪುರಸೊತ್ತು ಸಿಗದೆ ಅವನೂ ಯಲ್ಲಪ್ಪನೂ ಹತ್ತಿರದ ಮರ ಹತ್ತಿದರು. ನಾನೂ ಹತ್ತಹೋದೆ. ನಾನು ಹತ್ತಲು ಸಿದ್ಧನಿದ್ದೆ, ಚೀಲ ಸಿದ್ಧವಿರಲಿಲ್ಲ. ಗಡಬಡಿಸಿ ಪಟ್ಟಿ ಕಳಚಿದೆ. ಚೀಲ ತಲೆಕೆಳಗಾಗಿ, ಒರಳು ಉರುಳಿ ನೇರ ನನ್ನ ಬಲಗಾಲಿನ ಮೇಲೆ ಬಿತ್ತು. ಆಗ ನಾನು ಹಾಕಿದ ಕೂಗಿಗೆ ಹಂದಿಯೇ ಹೆದರಿ ಓಡಿಹೋಯಿತು (ಇದನ್ನು ಇಂದಿಗೂ ಯಾರೂ ನನ್ನ ಪರಾಕ್ರಮದ ಲೆಕ್ಕಕ್ಕೆ ಹಿಡಿಯುವುದಿಲ್ಲ).

ಕಾಲು ಕುಂಬಳಕಾಯಿಯಾಯಿತು. ಹೆಜ್ಜೆ ಊರುವಂತಿಲ್ಲ. ಭಾವಮೈದುನ ಚೀಲವನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಮಾಮಾ, ಒಳಗ ಕುಂಡ್ರಿ. ಬ್ಯಾರೆ ದಾರಿ ಇಲ್ಲ."

ಕುಳಿತೆ. ಏನು ಹೇಳಲಿ, ಬಂದೇಸಾಬನ ಕೈ ದೊಡ್ಡದು: ಮೊಣಕಾಲು ಮಡಚಿದರೆ ನನಗೆ ಅದು ಹೇಳಿ ಹೊಲಿಸಿದಂತಿತ್ತು. ಪಟ್ಟಿಗಳಲ್ಲಿ ಒಂದು ಬಿದಿರಿನ ಗಳ ತೂರಿಸಿ ಇಬ್ಬರೂ ಹೊತ್ತರು.

ಊರು ಹತ್ತಿರವಾದಂತೆ ನನ್ನ ಜೀವ ಚಡಪಡಿಸತೊಡಗಿತು. ಹಾಡಹಗಲು, ನಮ್ಮದೇ ಓಣಿ, ಎಲ್ಲರೂ ಗುರುತಿನವರು. ಮಾನ ಉಳಿಸಿಕೊಳ್ಳುವ ಉಪಾಯವೊಂದು ಹೊಳೆಯಿತು. ತಲೆ ಒಳಗೆಳೆದುಕೊಂಡು ಚೀಲದ ಬಾಯಿಯನ್ನು ನಾನೇ ಒಳಗಿನಿಂದ ಬಿಗಿಯಾಗಿ ಹಿಡಿದುಕೊಂಡೆ.

ಅಲ್ಲೇ ಕೆಟ್ಟಿತು.

"ಹನುಮಂತಪ್ಪ ಭಾರಿ ಬೇಟಿ ಹೊಡಕೊಂಡು ಬಂದಾನ್ರೋ! ಗಳಾ ಬಗ್ಗೇತಿ ನೋಡ್ರಿ!" ಎಂದು ಯಾರೋ ಕೂಗಿದರು. ಓಣಿಗೆ ಓಣಿಯೇ ಬೆನ್ನು ಹತ್ತಿತು. "ಇನ್ನೂ ಜೀವ ಐತಿ, ಅಳ್ಳಾಡಾಕತ್ತೇತಿ" ಎಂದು ಒಬ್ಬ ನನ್ನ ಬೆನ್ನಿಗೆ ಕೋಲಿನಿಂದ ತಿವಿದ. ಹಲ್ಲು ಕಚ್ಚಿ ಸುಮ್ಮನಿದ್ದೆ. ಹನುಮಂತಪ್ಪನಾದರೂ ಬಾಯಿ ಬಿಡಬಾರದೇ? ಅವನು ನಗು ತಡೆಯಲಾರದೆ ಮಾತೇ ಮರೆತಿದ್ದ.

ನಮ್ಮ ಕಟ್ಟೆಯ ಮೇಲೆ ಇಳಿಸಿದರು. ಬಳೆಗಳ ಸದ್ದು ಹತ್ತಿರ ಬಂತು.

"ಏನ್ ತಂದಿ ತಮ್ಮಾ? ಜಿಂಕಿಯೋ, ಹಂದಿಯೋ?" ಎನ್ನುತ್ತ ಸಾವಂತ್ರವ್ವ ನನ್ನ ಬೆರಳುಗಳನ್ನು ಬಿಡಿಸಿ ಚೀಲದ ಬಾಯಿ ತೆರೆದಳು. ನಾನು ಕಣ್ಣು ಮಿಟುಕಿಸಿದೆ. ಇಡೀ ಓಣಿ ಕತ್ತು ಚಾಚಿ ಚೀಲದೊಳಗೆ ಇಣುಕಿತು.

ಅವಳು ನನ್ನನ್ನು ನೋಡಿ, ತಮ್ಮನತ್ತ ತಿರುಗಿ, ನಿರಾಸೆಯಿಂದ ಹೇಳಿದಳು:

"ಅಯ್ಯ, ಇದನ್ನ್ಯಾಕ ಹೊತಗೊಂಡು ಬಂದ್ಯೋ? ಇಂಥಾದ್ದು ನಮ್ಮನ್ಯಾಗ ಮೊದಲ ಒಂದ ಐತಲ್ಲ!"