ಊಟ ಮಾಡದ ಬೀಗರು

ಯಂತ್ರಗಳ ವಿಷಯದಲ್ಲಿ ನಾನು ಹೆದರುವವಳಲ್ಲ. ಮಳಗಿಯ ನಮ್ಮ ಮನೆಗೆ ಮಿಕ್ಸರ್ ಬಂದಾಗ ಮೊದಲು ಕೈಹಾಕಿದವಳು ನಾನೇ. ಈಗಿರುವುದು ಎರಡನೆಯ ಮಿಕ್ಸರ್. ಹೀಗಾಗಿ, ಮಾತಾಡುವ ರೋಬೋಟನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಾಗ, ಇಟ್ಟು ಹೋಗವ್ವ ಎಂದೆ.

ಕೇಳಿದವಳು ಸಂಶೋಧನೆ ಮಾಡುವ ಹುಡುಗಿ. ಮರೆವಿನ ರೋಗ ಬಂದ ಮುದುಕರಿಗೆ ಇಂಥದೊಂದು ಜೊತೆಗಿದ್ದರೆ ಉಪಯೋಗವೋ ಇಲ್ಲವೋ ಎಂದು ನೋಡುವುದೇ ಅವಳ ಓದಂತೆ. ನಮ್ಮ ಯಜಮಾನರಿಗೆ ಆ ರೋಗ. ಮಗನ ಹೆಸರು ಮರೆತರು, ಹೊಲದ ದಾರಿ ಮರೆತರು. ಸಹಿಸಿಕೊಂಡೆವು. ಕಡೆಗೆ ಊಟವನ್ನೇ ಮರೆತರು. ತಾಟು ಮುಂದಿಟ್ಟರೆ "ಈಗರ ಉಂಡೇನಲ್ಲ" ಎನ್ನುತ್ತಿದ್ದರು. ಅಂಗಿ ಗೂಟಕ್ಕೆ ಹಾಕಿದಂತೆ ಮೈಮೇಲೆ ಜೋಲುತ್ತಿತ್ತು. ಹೀಗೇ ಆದರೆ ಮೂಗಿನಲ್ಲಿ ನಳಿಗೆ ಹಾಕಿ ಗಂಜಿ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನನಗೆ ಆ ನಳಿಗೆಯದೇ ಚಿಂತೆ.

ರೋಬೋಟು ಸಣ್ಣ ಹುಡುಗನಷ್ಟು ಎತ್ತರವಿತ್ತು. ಬಿಳಿ ಮೈ, ದುಂಡು ತಲೆ, ಕಣ್ಣಿನ ಜಾಗದಲ್ಲಿ ದೀಪ. ಊಟದ ಹೊತ್ತಿಗೆ ಅದು ತಾನಾಗಿ ಯಜಮಾನರ ಕಡೆ ತಿರುಗಿ "ನಮಸ್ಕಾರ. ಊಟ ಮಾಡಿದಿರಾ?" ಎಂದು ಕೇಳಿ ನೆನಪು ಮಾಡುವುದು.

"ಅಜ್ಜಿ, ನೀವು ಏನೂ ಮಾಡಬ್ಯಾಡ್ರಿ. ಅದರ ಪಾಡಿಗೆ ಅದನ್ನ ಬಿಡ್ರಿ," ಎಂದಳು ಹುಡುಗಿ.

ಈ ಒಂದು ಮಾತು ಕೇಳಿದ್ದರೆ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮಧ್ಯಾಹ್ನ ರೋಬೋಟು ಕೇಳಿತು. ಯಜಮಾನರು ತಟ್ಟನೆ ಎದ್ದು ನಿಂತು ತಲೆಯ ರುಮಾಲು ಸರಿ ಮಾಡಿಕೊಂಡರು. ತಂಬಿಗೆ ತಂದು ಅದರ ಕಾಲಿಗೆ ನೀರು ಹಾಕಿದರು. ಆಮೇಲೆ ಒಳಗೆ ಬಂದು ನನ್ನನ್ನು ಗದರಿದರು.

"ಇಂದೂರ ಬೀಗರು ಬಂದು ಕುಂತಾರ. ಬಾಯಿ ಬಿಟ್ಟು ಊಟದ ಮಾತು ತಗದ್ರು. ಹೊಟ್ಟಿ ಹಸಿದಿದ್ದಕ್ಕ ಕೇಳ್ತಾರಲ್ಲ? ನನ್ನ ಮರ್ಯಾದಿ ಹೋತು."

ಮಗಳನ್ನು ಹತ್ತಿರದ ಇಂದೂರಿಗೆ ಕೊಟ್ಟಿದ್ದೇವೆ. ಅವಳನ್ನು ಮರೆತಿದ್ದರು, ಬೀಗರನ್ನು ಮರೆತಿರಲಿಲ್ಲ. ಎರಡು ತಾಟು ಹಾಕಿಸಿದರು. ಬೀಗರು ತುತ್ತು ಎತ್ತುವವರೆಗೆ ಮನೆಯ ಹಿರಿಯ ಉಣ್ಣುವಂತಿಲ್ಲ. ಬೀಗರು ಎತ್ತಲಿಲ್ಲ. ಉಣಿಸಲಿಕ್ಕೆ ಬಂದದ್ದೇ ಉಪವಾಸ ಕೆಡವಿತು.

ನಾನು ಉಪಾಯ ಮಾಡಿದೆ. ಯಜಮಾನರು ಆಚೆ ನೋಡಿದಾಗ ರೊಟ್ಟಿ ಪಲ್ಯದ ಒಂದು ತುತ್ತನ್ನು ರೋಬೋಟಿನ ಬಾಯಿಯಂಥ ಸಂದಿಗೆ ತುರುಕಿದೆ. ಬೀಗರು ಒಂದು ತುತ್ತು ನುಂಗಿ "ಊಟ ಮಾಡಿದಿರಾ?" ಎಂದರು.

"ನೋಡು, ಇನ್ನೂ ಹೊಟ್ಟಿ ತುಂಬಿಲ್ಲ ಅವರಿಗೆ. ಇನ್ನೊಂದು ರೊಟ್ಟಿ ನೀಡು," ಎಂದರು ಯಜಮಾನರು.

ಸೊಸೆ ರೇಣುಕಾ ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋದಳು.

ಮರುದಿನದಿಂದ ದಾರಿ ಬದಲಿಸಿದೆ. ಬೀಗರ ಪಕ್ಕದಲ್ಲಿ ಕುಳಿತು, ಕಣ್ಣು ತಪ್ಪಿಸಿ ಅವರ ತಾಟನ್ನು ನಾನೇ ಖಾಲಿ ಮಾಡತೊಡಗಿದೆ. ಯಜಮಾನರು ಬರಿದಾದ ತಾಟು ನೋಡಿ, ಸಮಾಧಾನಪಟ್ಟು, ತಾವೂ ಉಂಡರು. ಪೂರ್ತಿ ಉಂಡರು. ಬೀಗರದೊಂದು, ನನ್ನದೊಂದು ಎಂದು ನಾನು ಹೊತ್ತಿಗೆ ಎರಡು ಊಟ ಮಾಡಿದೆ. ಯಜಮಾನರ ಅಂಗಿ ಮೈಗೆ ಕೂತಿತು, ನನ್ನ ಕುಪ್ಪಸ ಹೊಲಿಗೆ ಬಿಟ್ಟಿತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಬೀಗರ ಮೈಗೆ ಇರುವೆ ಹತ್ತಿದವು. ಬಚ್ಚಲಿಗೆ ಒಯ್ದು, ಸಾಬೂನು ಹಚ್ಚಿ, ಹಂಡೆ ತಿಕ್ಕಿದಂತೆ ತಿಕ್ಕಿ ತೊಳೆದೆ. ಫಳಫಳ ಹೊಳೆಯಿತು. ಮಾತು ನಿಂತಿತು.

ಹುಡುಗಿ ಬಂದಳು.

"ಏನ್ ಮಾಡಿದ್ರಿ ಅಜ್ಜಿ ಇದಕ್ಕ?"

"ತೊಳದೆ. ಇರಿವಿ ಹತ್ತಿದ್ದುವು."

"ರೋಬೋಟಿಗೆ ಇರಿವಿ ಯಾಕ ಹತ್ತತಾವು?"

"ಪಲ್ಯ ಉಂಡಿತ್ತಲ್ಲ."

ಅವಳು ಬಾಯಿಯ ಸಂದಿಗೆ ಬೆರಳು ಹಾಕಿ ನೋಡಿದಳು. ಆಮೇಲೆ ಯಜಮಾನರ ಮುಖ ನೋಡಿ, "ಆದ್ರ ಅಜ್ಜಾರು ಚಲೋ ಆಗ್ಯಾರಲ್ಲ" ಎಂದಳು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ರೋಬೋಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಮಧ್ಯಾಹ್ನ ಕೇಳುವವರಿಲ್ಲ. ತಾಟು ಇಟ್ಟೆ. "ಈಗರ ಉಂಡೇನಲ್ಲ" ಎಂದು ದೂಡಿದರು. ರಾತ್ರಿಯೂ ದೂಡಿದರು. ನನಗೆ ಮತ್ತೆ ನಳಿಗೆಯೇ ಕಣ್ಣ ಮುಂದೆ ಬಂತು. ಮರುದಿನ ಊಟದ ಹೊತ್ತಿಗೆ ಬೇರೆ ಸೀರೆ ಉಟ್ಟು, ಬೀಗರ ಜಾಗದಲ್ಲಿ ಹೋಗಿ ಕುಳಿತೆ.

"ನಮಸ್ಕಾರ್ರಿ. ಊಟ ಆತೇನ್ರಿ?" ಎಂದೆ.

ಯಜಮಾನರು ನನ್ನನ್ನೇ ನೋಡಿದರು. ಎದ್ದು ರುಮಾಲು ಸರಿ ಮಾಡಿಕೊಂಡರು.

"ಯಾವೂರಿಂದ ಬಂದ್ರಿ ತಾಯಿ?"

"ಪಾಳಾದಿಂದ್ರಿ." ಪಾಳಾ ನನ್ನ ತವರು. ಅವರು ನನ್ನನ್ನು ಕರೆತಂದದ್ದು ಅಲ್ಲಿಂದಲೇ. ಗುರುತು ಹತ್ತೀತೇ ಎಂದು ಸ್ವಲ್ಪ ಹೊತ್ತು ಕಾದೆ. ಹತ್ತಲಿಲ್ಲ.

"ದೂರದಿಂದ ಬಂದೀರಿ. ಕೂಡ್ರಿ, ಉಣ್ರಿ," ಎಂದವರು ತಂಬಿಗೆ ತಂದು ನನ್ನ ಕಾಲಿಗೆ ನೀರು ಹಾಕಿದರು. ಬೀಗರ ತಾಟಿನದು ಬಿಟ್ಟರೆ, ಮದುವೆಯಾದಂದಿನಿಂದ ಅವರು ಉಂಡೆದ್ದ ಮೇಲೆಯೇ ಉಂಡವಳು ನಾನು. ಈಗ ನಾನು ಮೊದಲ ತುತ್ತು ಎತ್ತಲೆಂದು ಅವರು ಕೈಕಟ್ಟಿ ಕಾದರು. ಎತ್ತಿದೆ. ಅವರೂ ಎತ್ತಿದರು. ರೇಣುಕಾ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. "ಏ, ರೊಟ್ಟಿ ತಾ, ಆರತಾವು" ಎಂದೆ.

ಈಗ ದಿನಾ ಹೀಗೆಯೇ ನಡೆದಿದೆ. ನಿನ್ನೆ ಯಜಮಾನರು ನನ್ನ ಕಡೆ ಬಾಗಿ, ಒಳಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದರು:

"ಸಾರಿಗೆ ಉಪ್ಪು ಜಾಸ್ತಿ ಆಗೇತಿ, ಏನೂ ತಿಳ್ಕೋಬ್ಯಾಡ್ರಿ. ನಮ್ಮನ್ಯಾಕಿ ಮೊದಲಿಂದನೂ ಹಂಗ. ಆದ್ರ ಅಕಿ ಮುಂದ ಏನೂ ಅನಬ್ಯಾಡ್ರಿ, ತಾಟು ಎತ್ತಿ ಒಗೀತಾಳ."

ಬಂದ ಮನೆಯಲ್ಲಿ ಜಗಳ ತೆಗೆಯಲು ಬರುವುದಿಲ್ಲ. "ಚಲೋ ಆಗೇತ್ರಿ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ. ಉಪ್ಪು ನಿಜವಾಗಿಯೂ ಜಾಸ್ತಿಯಾಗಿತ್ತು.