ಅಳಿಯನ ಅಲಂಕಾರದ ಹುಲ್ಲು

ಹುಲ್ಲಿನ ಸಲುವಾಗಿ ಹೆಣ್ಣು ಕೊಟ್ಟ ಮಾವನ ಕೂಡ ಜಗಳ ತೆಗೆದ ಅಳಿಯ ಅಂದ್ರ ಹಗರಿಬೊಮ್ಮನಹಳ್ಳಿ ತಾಲೂಕಿಗೆಲ್ಲ ನಾನೊಬ್ಬನೇ ಇರಬೇಕು. ತಪ್ಪು ಯಾರದು, ನೀವೇ ಹೇಳ್ರಿ.

ಎರಡು ಸಾವಿರದ ಎರಡನೇ ಇಸವಿ. ಹೊಸ ಮನಿ ಕಟ್ಟಿಸಿದ್ದೆ. ಗೇಟಿನ ಪಕ್ಕ ನಾಲ್ಕು ಮೊಳ ಜಾಗ ಉಳೀತು. ಅಲ್ಲಿ ಪುಂಡಿಪಲ್ಯ ಹಾಕಬೇಕಂತ ಕಲ್ಯಾಣಮ್ಮನ ಆಸೆ (ನನ್ನ ಹೆಂಡತಿ, ಹೆಸರಿಗೆ ಅರ್ಧಾಂಗಿ, ಅಧಿಕಾರದಾಗ ಮುಕ್ಕಾಲು). ನಾನು ಹೊಸಪೇಟೆ ನರ್ಸರಿಯಿಂದ ಮೂರು ಬುಡ ಅಲಂಕಾರದ ಹುಲ್ಲು ತಂದೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬಾಳುವ ಜಾತಿ.

"ನಮ್ಮಪ್ಪ ಹುಲ್ಲು ಕಿತ್ತು ಕಿತ್ತು ಬೆನ್ನು ಬಾಗಿಸ್ಯಾನ. ನೀವು ಅದನ್ನ ಬಸ್ಸಿನಾಗ ಕುಂದ್ರಿಸಿಕೊಂಡು ಬಂದೀರಿ?"

"ಇದು ಹುಲ್ಲಲ್ಲ, ಸೌಂದರ್ಯ."

"ಆತು. ಯುಗಾದಿ ತನಕ ನೋಡ್ತೀನಿ. ಅಷ್ಟರಾಗ ನಿಮ್ಮ ಸೌಂದರ್ಯ ಹಾಳಾತಂದ್ರ ಜಾಗ ನಂದು."

ಮಳಿಗಾಲದಾಗ ಹುಲ್ಲು ಎದಿಮಟ ಬೆಳೆದು, ಮೆತ್ತನ್ನ ತೆನಿ ತೂಗಿತು. ನನ್ನ ಎದಿನೂ ಉಬ್ಬಿತು. ಆದ್ರ ದಾರಿಹೋಕರೆಲ್ಲ ನಿಂತು "ಸಜ್ಜಿ ಹಾಕೀರೇನ್ರಿ?" ಅಂತ ಕೇಳೋರು. ಪಕ್ಕದ ಮನಿ ಹಂಪಕ್ಕ "ಗುಬ್ಬಿ ಬೀಳ್ತಾವು, ಬೆದರುಗೊಂಬಿ ನಿಲ್ಲಸ್ರಿ" ಅಂತ ಬುದ್ಧಿ ಹೇಳಿದಳು. ಒಬ್ಬೊಬ್ಬರಿಗೂ ತಿಳಿಸಿ ಹೇಳಿ ನನ್ನ ಗಂಟಲು ಹರೀತು.

ಚಳಿಗಾಲಕ್ಕ ಹುಲ್ಲು ಒಣಗಿ ರವದಿ ಆತು. "ವಿಶ್ರಾಂತಿ ತಗೊಂಡೈತಿ" ಅಂತ ಕಲ್ಯಾಣಮ್ಮನ ಬಾಯಿ ಮುಚ್ಚಿಸಿದೆ. ಆದ್ರೂ ದಿನಾ ಮುಂಜಾನೆ ಆಕಿ ಕಣ್ಣು ತಪ್ಪಿಸಿ ಬುಡ ಮುಟ್ಟಿ ಮುಟ್ಟಿ ನೋಡತಿದ್ದೆ.

ಸಂಕ್ರಾಂತಿ ಕಳೆದ ಮ್ಯಾಲೆ ಹೊಸಹಳ್ಳಿಯಿಂದ ಮಾವ ಗುರುಸಂಗಪ್ಪನವರು ಬಂದ್ರು. ಅವತ್ತು ಸಂಜಿ ನಾನು ಆಫೀಸಿಂದ ಬಂದು ನೋಡ್ತೀನಿ, ಮೂರೂ ಬುಡ ಒಂದೊಂದು ಗೇಣು ಉಳಿದಾವ. ಕೊಯ್ದ ಹುಲ್ಲು ಸಿವುಡು ಕಟ್ಟಿ ಗೋಡಿಗೆ ಆನಿಸೈತಿ. ಮಾವ ಕಟ್ಟಿ ಮ್ಯಾಲೆ ಕುಂತು ತೆನಿ ತಿಕ್ಕಿ ಮೊರದಾಗ ಕೇರತಾರ.

"ಬರ್ರಿ ಅಳಿಯಂದ್ರ. ಸುಗ್ಗಿ ಮುಗಿದ್ರೂ ಸಜ್ಜಿ ಹಂಗ ನಿಂತಿತ್ತು. ನೌಕರಿಯವ್ರು, ನಿಮಗೆಲ್ಲಿ ಪುರುಸೊತ್ತು ಅಂತ ನಾನೇ ಕೊಯ್ದೆ. ಬರೇ ಜೊಳ್ಳು ನೋಡ್ರಿ. ಬೀಜ ಕೊಟ್ಟಾಂವ ನಿಮಗ ಮೋಸ ಮಾಡ್ಯಾನ."

ನನ್ನ ತಲಿ ಕೆಟ್ಟು ಕೆರ ಹಿಡೀತು. ಹಿರಿಯರಿಗೆ ಅನ್ನಬಾರದ್ದೆಲ್ಲ ಅಂದೆ. ಅಷ್ಟಕ್ಕೂ ಸಮಾಧಾನ ಆಗಲಿಲ್ಲ. ಕಬ್ಬಿಣದ ಹಾರಿ ತಂದು ಮೂರೂ ಬುಡ ಅಗೆದು ಕಾಂಪೌಂಡಿನ ಆಚೆ ಒಗೆದೆ. "ತಗೋ ನಿನ್ನ ಜಾಗ" ಅಂತ ಹೆಂಡತಿಗೆ ಹೇಳಿದೆ. ಮಾವ ಮೊರ ಕೆಳಗಿಟ್ಟು ಎದ್ದು ಹೋದ್ರು. ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ಹೊಂಟುಹೋದ್ರು.

ಹತ್ತು ದಿನ ಬಿಟ್ಟು ನರ್ಸರಿಯವನ ಮುಂದ ನನ್ನ ಗೋಳು ತೋಡಿಕೊಂಡೆ. ಅವನು ನಕ್ಕ.

"ವರ್ಷಕ್ಕೊಮ್ಮೆ, ಇದೇ ದಿನಮಾನದಾಗ, ಒಂದು ಗೇಣು ಬಿಟ್ಟು ಕೊಯ್ಯಬೇಕ್ರಿ. ಅಂದ್ರೇನೆ ಹೊಸ ಚಿಗುರು. ಯಾರೋ ಬಲ್ಲವರೇ ಕೊಯ್ದಾರ. ಬುಡಕ್ಕ ನೀರು ಹಾಕ್ರಿ, ಸಾಕು."

ಬುಡ ಎಲ್ಲಿಂದ ತರಲಿ? ಓಡಿ ಬಂದು ಕಾಂಪೌಂಡಿನ ಆಚೆ ಹುಡುಕಾಡಿದೆ.

"ಅಪ್ಪ ಅವತ್ತೇ ಆರಿಸಿ ಚೀಲದಾಗ ಒಯ್ದ. ಬೇರಿನಾಗ ಜೀವ ಐತಿ ಅಂದ," ಅಂದಳು ಕಲ್ಯಾಣಮ್ಮ.

ಒಂದು ಡಜನ್ ಬಾಳಿಹಣ್ಣು ಹಿಡಕೊಂಡು ಹೊಸಹಳ್ಳಿಗೆ ಹೋದೆ. ಹೊಲದ ಬಾವಿ ಪಕ್ಕ ಮೂರೂ ಬುಡ ಹಸಿರು ಚಿಗುರು ಒಡೆದು ಕುಂತಿದ್ವು. ಕಾಲಿಗೆ ಬಿದ್ದು ತಪ್ಪಾತು ಅಂದೆ. ಒಂದೇ ಒಂದು ಬುಡ ಕೊಡ್ರಿ ಅಂತ ಬೇಡಿದೆ.

ಮಾವ ಹಣ್ಣು ತಗೊಂಡ್ರು, ನೀರು ಕೊಟ್ರು, ಬಾಜೂಕ ಕುಂದ್ರಿಸಿಕೊಂಡ್ರು.

"ಅಳಿಯಂದ್ರ, ಮಗಳನ್ನ ಕೇಳಿದ್ರಿ, ಎರಡು ಮಾತಾಡದ ಕೊಟ್ವಿ. ಇದನ್ನ ಮಾತ್ರ ಕೇಳಬ್ಯಾಡ್ರಿ. ಸಿಟ್ಟು ಬಂದ್ರ ಬೇರು ಸಮೇತ ಕೀಳೋ ಕೈಗೆ ನಾನು ಹುಲ್ಲು ಕೊಡಂಗಿಲ್ರಿ."