ಟವರ್ ಬಿಡದ ಗಿರಾಕಿ

ಊರು ಬಿಡುವ ಮಾತೆತ್ತಿದರೆ ಸಾಕು, ನನಗೆ ಹೊಟ್ಟೆನೋವು ಶುರುವಾಗುತ್ತದೆ. ಹೊಸಪೇಟೆಯ ನಮ್ಮ ಓಣಿ, ಮೂಲೆಯಂಗಡಿಯ ಮಂಡಕ್ಕಿ ಒಗ್ಗರಣಿ-ಮಿರ್ಚಿ, ಇವನ್ನು ಬಿಟ್ಟು ಮನುಷ್ಯ ಬೇರೆ ಕಡೆ ಯಾಕೆ ಹೋಗಬೇಕು? ತಮಾಷೆಯೆಂದರೆ, ನನಗೆ ಅನ್ನ ಹಾಕುವುದೇ ಜನರ ಓಡಾಟ. ಮಾತಾಡುತ್ತಾ ಸಾಗುವವರ ಫೋನು ಹಿಂದಿನ ಟವರ್ ಬಿಟ್ಟು ಮುಂದಿನದನ್ನು ಹಿಡಿಯುವಾಗ ಮಾತು ತುಂಡಾಗುತ್ತದೆಯೋ ಎಂದು ನೋಡುವುದು, ಮೊಬೈಲ್ ಕಂಪನಿಯಲ್ಲಿ ನನ್ನ ಕೆಲಸ. 5ಜಿ ಬಂದ ಮೇಲಂತೂ 'ಮುಂದಿನ ಟವರ್ ಚೆನ್ನಾಗಿ ಕಂಡ ಕೂಡಲೇ ನಮ್ಮನ್ನು ಕೇಳದೆ ಹೊರಟುಬಿಡು' ಎಂದು ಫೋನಿಗೆ ಮೊದಲೇ ಅಪ್ಪಣೆ ಕೊಟ್ಟಿಡುವ ಏರ್ಪಾಡೂ ಇದೆ. ನನಗೆ ಅಂಥ ಅಪ್ಪಣೆ ಯಾರೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಹೊರಡುತ್ತಿರಲಿಲ್ಲ ಬಿಡಿ.

ಕಳೆದ ತಿಂಗಳು ಕಂಪ್ಲಿಗೆ ಹೋಗಿ ಹೆಣ್ಣು ನೋಡಿ ಬಂದೆವು. ಅನ್ನಪೂರ್ಣ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನನಗೆ ಬಹಳ ಹಿಡಿಸಿದಳು. "ಒಂದು ಮಾತು ಕೇಳೋದೈತಿ, ಫೋನ್ ಮಾಡ್ತೀನ್ರಿ" ಎಂದಿದ್ದಳು. ಮಾಡಿದ್ದು ಸರಿಯಾಗಿ ನಾನು ಸಂಡೂರು ರಸ್ತೆಯಲ್ಲಿದ್ದಾಗ. ಡ್ಯಾಶ್‌ಬೋರ್ಡಿನ ಮೇಲೆ ಕಂಪನಿಯ ನಾಲ್ಕು ಫೋನು ನಿಲ್ಲಿಸಿಕೊಂಡು, ಅದಿರು ಲಾರಿಗಳ ಧೂಳು ಕುಡಿಯುತ್ತಾ, ಒಂದೇ ಗುಡ್ಡದ ತಿರುವಿನಲ್ಲಿ ಹತ್ತಾರು ಸಲ ಹೋಗಿ ಬರುವುದು ನಮ್ಮ ಪರೀಕ್ಷೆಯ ಪದ್ಧತಿ.

"ನನ್ನ ಕೆಲಸ ಇಲ್ಲೇ ಐತ್ರಿ. ಮದುವಿ ಆದಮ್ಯಾಲೆ ಕಂಪ್ಲ್ಯಾಗ ಮನಿ ಮಾಡ್ತೀರೇನು?" ಎಂದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ತಿರುವು ಬಂತು, ಫೋನು ಕಟ್. ನಿಜ ಹೇಳುತ್ತೇನೆ, ಒಳಗೊಳಗೇ ಹಾಯೆನಿಸಿತು. ವಾಪಸ್ ಬರುವಾಗ ಮತ್ತೆ ಮಾಡಿದಳು. "ನಮ್ಮವ್ವನ್ನ ಕೇಳಿ ಹೇಳ್ತೀನ್ರಿ" ಎಂದು ರಾಗ ಎಳೆದೆ. ಅವ್ವನ ತವರೇ ಕಂಪ್ಲಿ, ಹೆಣ್ಣು ನೋಡಿ ಬಂದ ದಿನವೇ ಆಕೆ ಹೊರಡಲು ಟ್ರಂಕು ಒರೆಸಿಟ್ಟಿದ್ದಳು! ಗಾಡಿ ತಿರುಗಿಸಿಕೊಂಡು ಹೋಗುವಾಗ ಅದೇ ತಿರುವಿನಲ್ಲಿ ಮತ್ತೆ ಕಟ್. ಮೂರನೆಯ ಸಲ ಅವಳ ದನಿ ಬಿಗಿದಿತ್ತು: "ಬ್ಯಾಡ ಅಂದ್ರ ಬ್ಯಾಡ ಅನ್ರಿ, ಹಿಂಗ ಕಟ್ ಮಾಡಬ್ಯಾಡ್ರಿ. ಸಂಜಿಗೆ ನಮ್ಮಪ್ಪ ಬ್ಯಾರೆ ಕಡೆ ಮಾತು ಕೊಡ್ತಾರ." ಮತ್ತೆ ಕಟ್. ಈ ಸಲ ಹಾಯೆನಿಸಲಿಲ್ಲ.

ಡ್ರೈವರ್ ಬಸಣ್ಣ ಗಾಡಿ ನಿಲ್ಲಿಸಿದ. "ಸಾರ್, ಕಂಪನಿ ಫೋನು ನಾಲ್ಕೂ ಮಸ್ತ್ ನಡ್ಯಾಕತ್ತಾವ. ನಿಮ್ದೊಂದ ಯಾಕ ಸಾಯಾಕತ್ತೈತಿ?"

ತೆಗೆದು ನೋಡಿದೆ. ಹಿಂದಿನ ದಿನ ಪರೀಕ್ಷೆಗೆಂದು ನನ್ನ ಸ್ವಂತ ಫೋನನ್ನು ಹೊಸಪೇಟೆ ಕಡೆಯ ಒಂದೇ ಟವರಿಗೆ, ಬೇರೆ ಯಾವುದನ್ನೂ ಹಿಡಿಯದಂತೆ ಲಾಕ್ ಮಾಡಿ, ಬಿಡಿಸುವುದನ್ನು ಮರೆತಿದ್ದೆ. ಗುಡ್ಡದಾಚೆಯ ಟವರ್ ಬಾ ಬಾ ಎಂದು ಕರೆಯುತ್ತಿದ್ದರೂ ಅದು ಹೊಸಪೇಟೆಯನ್ನೇ ತಬ್ಬಿಕೊಂಡು ಪ್ರಾಣ ಬಿಡುತ್ತಿತ್ತು. ಯಜಮಾನನಿಗೆ ತಕ್ಕ ಫೋನು! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅನ್ನಪೂರ್ಣ ಕೈತಪ್ಪುತ್ತಾಳೆಂಬ ಭಯವಾಯಿತು.

ಲಾಕ್ ಬಿಡಿಸಿ ಫೋನ್ ಹಚ್ಚಿದೆ. "ಇಲ್ಲೇ ನಿಂತು ಮಾತಾಡ್ರಿ ಸಾರ್" ಎಂದ ಬಸಣ್ಣ. "ಬ್ಯಾಡ, ಗಾಡಿ ಹೊಡಿ" ಎಂದೆ. ಅವಳು ಎತ್ತಿದಳು. ತಿರುವಿನಲ್ಲಿಯೇ ಹೇಳಿದೆ: "ಕಂಪ್ಲಿಗೆ ಬರ್ತೀನ್ರಿ. ಮನಿ ನೀವ ನೋಡ್ರಿ."

ಆ ಕಡೆ ಸದ್ದಿಲ್ಲ. "ಹಲೋ! ಹಲೋ!" ಎಂದು ಅರಚಿದೆ. ನನಗೆ ಸಂಬಳ ಕೊಡುವ ಕಂಪನಿಗೇ ಶಾಪ ಹಾಕಿದೆ. "ಸಾರ್, ಸಿಗ್ನಲ್ ಫುಲ್ ಐತ್ರಿ" ಎಂದ ಬಸಣ್ಣ.

"ಕಟ್ ಆಗಿಲ್ರಿ, ಯಾಕ ಒದರಾಕತ್ತೀರಿ?" ಎಂದಿತು ಫೋನಿನೊಳಗಿನ ದನಿ. "ಸ್ವಲ್ಪ ಖುಷಿ ಪಡಾಕ ಬಿಡ್ರಿ."

ಇಷ್ಟು ವರ್ಷ ಮೌನವನ್ನೆಲ್ಲ ದೋಷವೆಂದೇ ಬರೆದುಕೊಂಡು ಬಂದ ನಾನು, ಅವಳ ಆ ನಾಲ್ಕು ಸೆಕೆಂಡನ್ನು ಮಾತ್ರ ರಿಪೋರ್ಟಿಗೆ ಹಾಕಲಿಲ್ಲ.